ಜಿಮ್ಮಿನ ಕಿಟಕಿ ತೆರೆಯುತ್ತದಾ?

ಕೋವಿಡ್ ಕಾಲದಲ್ಲಿ ಜಿಮ್‌ಗಳು ಮತ್ತೆ ಬಾಗಿಲು ತೆರೆದಾಗ ಎಲ್ಲ ಕಡೆ ಒಂದೇ ಥರದ ಸಿದ್ಧತೆ ಇತ್ತು. ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಗನ್. ಪಕ್ಕದಲ್ಲಿ ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್. ನೆಲದ ಮೇಲೆ ಹಳದಿ ಟೇಪಿನ ಗುರುತು. ಒಂದು ಬಿಟ್ಟು ಒಂದು ಟ್ರೆಡ್‌ಮಿಲ್ ಬಂದ್. ಪ್ರತಿ ಡಂಬೆಲ್ಲಿಗೂ ಸ್ಪ್ರೇ ಹೊಡೆದು ಒರೆಸಲು ಒಬ್ಬ ಹುಡುಗ. ಕಿಟಕಿಗಳು ಮಾತ್ರ ಮುಚ್ಚೇ ಇದ್ದವು. ಎಸಿ ಓಡುತ್ತಿತ್ತಲ್ಲ!

ನನ್ನ ಹೊಟ್ಟೆಪಾಡು ಗಾಳಿಯದ್ದೇ. ಕಟ್ಟಡಗಳಿಗೆ ಎಸಿ, ಗಾಳಿ ಸಾಗಿಸುವ ಡಕ್ಟ್, ಎಕ್ಸಾಸ್ಟ್ ಲೆಕ್ಕ ಹಾಕಿ ಡ್ರಾಯಿಂಗ್ ಮಾಡುವವಳು ನಾನು. ಯಾವ ಕೋಣೆಗೆ ಹೋದರೂ ಮೊದಲು ಕಣ್ಣು ಹೋಗುವುದು ಸೀಲಿಂಗಿಗೆ. ಗಾಳಿ ಬಿಡುವ ಗ್ರಿಲ್ ಎಲ್ಲಿದೆ, ವಾಪಸ್ ಎಳೆಯುವ ರಿಟರ್ನ್ ಎಲ್ಲಿದೆ, ಹೊರಗಿನ ಗಾಳಿ ಒಳಗೆ ಬರಲು ದಾರಿ ಇದೆಯಾ ಅಂತ ನೋಡುತ್ತೇನೆ. ಮನೆಯವರು ಇದಕ್ಕೆ ಚಟ ಅನ್ನುತ್ತಾರೆ. ಇರಲಿ.

ಜಿಮ್ಮಿಗೆ ಹೋಗುವುದು ನನಗೆ ಶೋಕಿಯಲ್ಲ. ಶುಗರ್ ಇದೆ. ನಡೆಯುವುದೊಂದೇ ಸಾಲದು, ತೂಕ ಎತ್ತಿ ಅಂತ ಡಾಕ್ಟರು ಹೇಳಿ ಬಹಳ ವರ್ಷವಾಯಿತು. ಜೊತೆಗೆ ಬೆಳಗ್ಗೆ ಶಟಲ್ ಆಡುವ ಹುಚ್ಚೂ ಇದೆ. ಆದರೆ ಮನೆಯಲ್ಲಿ ಅತ್ತೆ ಇದ್ದಾರೆ. ಅವರ ಶ್ವಾಸಕೋಶ ಮೊದಲೇ ಸೋತಿದೆ, ಇನ್‌ಹೇಲರ್ ಇಲ್ಲದೆ ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಜಿಮ್ ಬಿಟ್ಟು ಕೂರುವುದಕ್ಕೂ ಆಗದು, ಕಣ್ಣು ಮುಚ್ಚಿಕೊಂಡು ಹೋಗುವುದಕ್ಕೂ ಆಗದು ಅನ್ನುವ ಸ್ಥಿತಿ. ಆಗ ಓದಿದ್ದು, ಅಳೆದಿದ್ದು, ಜಗಳ ಆಡಿದ್ದು ಎಲ್ಲವನ್ನೂ ಈಗ ಬರೆದಿಡೋಣ ಅನ್ನಿಸಿತು. ಅದಕ್ಕೆ ಒಂದು ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಮೊದಲು ಉಸಿರಿನ ಲೆಕ್ಕ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಗಾಳಿ ಎಳೆದು ಬಿಡುತ್ತೇವೆ. ಜೋರಾಗಿ ಓಡುವಾಗ ಅದು 50, 60 ಲೀಟರ್ ಆಗುತ್ತದೆ. ಗಟ್ಟಿ ಆಳಾದರೆ 100 ದಾಟುತ್ತದೆ. ಇಲ್ಲಿ ಎರಡು ಕಡೆಯಿಂದ ಪೆಟ್ಟು. ಸೋಂಕು ಇರುವವರು ಜಾಸ್ತಿ ಬಿಡುತ್ತಾರೆ. ಇಲ್ಲದವರು ಜಾಸ್ತಿ ಎಳೆದುಕೊಳ್ಳುತ್ತಾರೆ. ಆಫೀಸಿನಲ್ಲಿ ಒಂದು ಗಂಟೆ ಪಕ್ಕದಲ್ಲಿ ಕೂತದ್ದಕ್ಕೂ, ಅದೇ ಒಂದು ಗಂಟೆ ಪಕ್ಕದಲ್ಲಿ ಏದುಸಿರು ಬಿಟ್ಟದ್ದಕ್ಕೂ ಹೋಲಿಕೆಯೇ ಇಲ್ಲ.

ಬರೀ ಗಾಳಿಯ ಪ್ರಮಾಣ ಹೆಚ್ಚುವುದಷ್ಟೇ ಆಗಿದ್ದರೆ ಹತ್ತು ಪಟ್ಟಿಗೆ ನಿಲ್ಲುತ್ತಿತ್ತು. ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲವು ಆರೋಗ್ಯವಂತರನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ, ಅವರ ಉಸಿರಿನಲ್ಲಿ ಹೊರಬರುವ ಸಣ್ಣ ಕಣಗಳನ್ನು ಎಣಿಸಿದರು. 2022ರಲ್ಲಿ ಅದು ಪ್ರಕಟವಾಯಿತು. ಸುಮ್ಮನಿದ್ದಾಗ ನಿಮಿಷಕ್ಕೆ ಸರಾಸರಿ 580 ಕಣ. ಇನ್ನಾಗದು ಅನ್ನುವಷ್ಟು ತುಳಿದಾಗ ಸುಮಾರು 76,000. ಅಂದರೆ 130 ಪಟ್ಟು! ಅದಕ್ಕಿಂತ ಮುಖ್ಯವಾದ ವಿಷಯ, ಈ ಏರಿಕೆ ಒಂದೇ ಸಮನಾಗಿಲ್ಲ. ಹಗುರವಾಗಿ ತುಳಿಯುವವರೆಗೆ ನಿಧಾನಕ್ಕೆ ಏರುತ್ತದೆ. ಮಾತಾಡಲು ಆಗದಷ್ಟು ದಮ್ಮು ಕಟ್ಟುವ ಮಟ್ಟ ದಾಟಿದ ಮೇಲೆ ಗೋಡೆ ಹತ್ತಿದ ಹಾಗೆ ನೆಟ್ಟಗೆ ಹೋಗುತ್ತದೆ. ಇದನ್ನು ಓದಿದ ಮೇಲೆ ನನಗೆ ಜಿಮ್ ಅನ್ನುವುದು ಒಂದೇ ಜಾಗವಾಗಿ ಕಾಣಲಿಲ್ಲ. ಮೂಲೆಯಲ್ಲಿ ನಿಧಾನಕ್ಕೆ ನಡೆಯುವ ಟ್ರೆಡ್‌ಮಿಲ್ ಬೇರೆ. ಬಾಗಿಲು ಮುಚ್ಚಿಕೊಂಡು ಮ್ಯೂಸಿಕ್ ಹಾಕಿ ಕುಣಿಸುವ ಸ್ಟುಡಿಯೋ ಬೇರೆ.

ಕಣ ಅಂದರೆ ಎಲ್ಲವೂ ಒಂದೇ ಅಲ್ಲ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕೂದಲೆಳೆ ದಪ್ಪದ, ಸುಮಾರು 100 ಮೈಕ್ರಾನ್‌ನ ಹನಿ ಬಾಯಿಂದ ಹೊರಟರೆ ಕೆಲವೇ ಸೆಕೆಂಡಿನಲ್ಲಿ ನೆಲ ಸೇರುತ್ತದೆ. ಆರಡಿ ದೂರದ ನಿಯಮ ಹುಟ್ಟಿದ್ದು ಅಂಥ ಹನಿಗಳನ್ನು ನೆನೆದು. 5 ಮೈಕ್ರಾನ್‌ನದು ಗಾಳಿ ಅಲ್ಲಾಡದ ಕೋಣೆಯಲ್ಲೂ ಅರ್ಧ ಗಂಟೆ ತೇಲುತ್ತದೆ. 1 ಮೈಕ್ರಾನ್‌ನದು ಗಂಟೆಗಟ್ಟಲೆ. ಏದುಸಿರಿನಲ್ಲಿ ಬರುವುದು ಹೆಚ್ಚಾಗಿ ಈ ಸಣ್ಣವೇ. ಅವು ನೆಲದ ಟೇಪನ್ನು ನೋಡಿ ನಿಲ್ಲುವುದಿಲ್ಲ.

ಈಗ ನಡೆದ ಘಟನೆಗಳಿಗೆ ಬರೋಣ. ನನಗೆ ಅತಿ ಹೆಚ್ಚು ಕಲಿಸಿದ್ದು ದಕ್ಷಿಣ ಕೊರಿಯಾದ ಚೆಯೊನಾನ್ ಊರಿನ ಕಥೆ. 2020ರ ಫೆಬ್ರವರಿ 15ರಂದು ಅಲ್ಲಿ ಡ್ಯಾನ್ಸ್ ಫಿಟ್ನೆಸ್ ಹೇಳಿಕೊಡುವವರ ಒಂದು ಕಾರ್ಯಾಗಾರ ನಡೆಯಿತು. ಬಂದಿದ್ದವರು 27 ಜನ ತರಬೇತುದಾರರು. ಆಮೇಲೆ ಅವರಲ್ಲಿ 8 ಜನರಿಗೆ ಸೋಂಕು ಗೊತ್ತಾಯಿತು. ಅಷ್ಟರಲ್ಲಿ ಅವರು ತಮ್ಮ ತಮ್ಮ ಕ್ಲಾಸುಗಳನ್ನು ನಡೆಸಿದ್ದರು. 24 ದಿನಗಳಲ್ಲಿ 12 ಜಿಮ್‌ಗಳಿಗೆ ನಂಟಿದ್ದ 112 ಜನರಿಗೆ ಸೋಂಕು. ಸುಮಾರು 60 ಚದರ ಮೀಟರಿನ, ಅಂದರೆ 650 ಚದರ ಅಡಿಯ ಕೋಣೆ. 5ರಿಂದ 22 ಜನ. 50 ನಿಮಿಷ ಬಿಡುವಿಲ್ಲದ ಕುಣಿತ. ಇಷ್ಟು ಸಾಕಾಯಿತು.

ಈ ವರದಿಯಲ್ಲಿ ಸುದ್ದಿಯಾಗದ ಎರಡು ಸಾಲುಗಳಿವೆ. ನಾನು ಅವನ್ನು ಪ್ರಿಂಟ್ ತೆಗೆದು ನಮ್ಮ ಟ್ರೈನರ್‌ಗೆ ಕೊಟ್ಟಿದ್ದೆ. ಒಂದು: ಅದೇ ಥರದ ಕೋಣೆಯಲ್ಲಿ 5ಕ್ಕಿಂತ ಕಡಿಮೆ ಜನ ಇದ್ದ ಕ್ಲಾಸುಗಳಲ್ಲಿ ಯಾರಿಗೂ ಸೋಂಕು ಬಂದಿರಲಿಲ್ಲ. ಎರಡು: ಸೋಂಕು ಇದ್ದ ಒಬ್ಬ ತರಬೇತುದಾರರು 7–8 ಜನರ ಯೋಗ ಮತ್ತು ಪಿಲಾಟೆಸ್ (ನಿಧಾನದ ಇನ್ನೊಂದು ವ್ಯಾಯಾಮ) ಕ್ಲಾಸು ನಡೆಸಿದ್ದರು. ಆ ಕ್ಲಾಸಿನ ಯಾರಿಗೂ ಸೋಂಕು ತಗಲಲಿಲ್ಲ. ಅಲ್ಲೂ ಹೇಳಿಕೊಟ್ಟವರಿಗೆ ಸೋಂಕಿತ್ತು, ಜಾಗವೂ ಅದೇ ಥರದ್ದು. ಬದಲಾದದ್ದು ತಲೆಗಳ ಎಣಿಕೆ ಮತ್ತು ಉಸಿರಿನ ವೇಗ. ಇದನ್ನೇ ಪೂರ್ತಿ ಸಾಕ್ಷಿ ಅಂತ ನಾನು ಹೇಳುವುದಿಲ್ಲ, ಸಣ್ಣ ಗುಂಪು ಅದು. ಆದರೆ ಮ್ಯೂನಿಕ್ ಲೆಕ್ಕದ ಪಕ್ಕದಲ್ಲಿಟ್ಟು ಓದಿದರೆ ಎರಡೂ ಒಂದೇ ಕಡೆ ಬೆರಳು ಮಾಡುತ್ತವೆ.

ಅಮೆರಿಕದ ಹೊನೊಲುಲುವಿನಲ್ಲಿ ಅದೇ ವರ್ಷದ ಜೂನ್-ಜುಲೈ ಹೊತ್ತಿಗೆ ನಡೆದದ್ದು ಇನ್ನೂ ಸಣ್ಣದು, ಆದರೆ ಇನ್ನೂ ಸ್ಪಷ್ಟ. ನಿಂತಲ್ಲೇ ತುಳಿಯುವ ಸೈಕಲ್ಲಿನ ಕ್ಲಾಸ್ ನಡೆಸುವ ಒಬ್ಬರು. ಕ್ಲಾಸ್ ಮಾಡುವಾಗ ಅವರಿಗೆ ಜ್ವರವಿಲ್ಲ, ಕೆಮ್ಮಿಲ್ಲ. ಲಕ್ಷಣ ಶುರುವಾದದ್ದು ಕೆಲವು ಗಂಟೆ ಕಳೆದ ಮೇಲೆ. ಕ್ಲಾಸಿನಲ್ಲಿದ್ದ 10 ಜನರಿಗೂ ಸೋಂಕು ತಗಲಿತು. ಹತ್ತಕ್ಕೆ ಹತ್ತು! ಸೈಕಲ್‌ಗಳ ನಡುವೆ ಅಂತರ ಇತ್ತು. ಬಾಗಿಲು, ಕಿಟಕಿ ಮುಚ್ಚಿದ್ದವು. ನೆಲದ ಮೇಲೆ ದೊಡ್ಡ ಫ್ಯಾನುಗಳು ಓಡುತ್ತಿದ್ದವು. ಹೇಳಿಕೊಡುವವರು ಎಲ್ಲರ ಕಡೆ ಮುಖ ಮಾಡಿ ಕೂಗುತ್ತಿದ್ದರು. ಥರ್ಮಾಮೀಟರ್ ಗನ್ ಅವತ್ತು ಅವರ ಹಣೆಗೆ ಹಿಡಿದಿದ್ದರೆ ಏನು ತೋರಿಸುತ್ತಿತ್ತು ಹೇಳಿ?

ಕೆನಡಾದ ಹ್ಯಾಮಿಲ್ಟನ್‌ನ ಒಂದು ಸೈಕಲ್ ಸ್ಟುಡಿಯೋ 2020ರ ಅಕ್ಟೋಬರಿನಲ್ಲಿ ಸುದ್ದಿಯಾಯಿತು. ಅಲ್ಲಿ ನಿಯಮ ಮುರಿದವರು ಯಾರೂ ಇರಲಿಲ್ಲ. ಅರ್ಧದಷ್ಟೇ ಜನ, ಆರಡಿ ಅಂತರ, ಬಾಗಿಲಲ್ಲಿ ವಿಚಾರಣೆ, ಕ್ಲಾಸ್ ಆದ ಮೇಲೆ ಒರೆಸುವಿಕೆ. ಸೈಕಲ್ ಹತ್ತಿದ ಮೇಲೆ ಮಾಸ್ಕ್ ತೆಗೆಯಬಹುದಿತ್ತು, ಆಗಿನ ನಿಯಮವೂ ಹಾಗೇ ಇತ್ತು. ಆದರೂ ಕ್ಲಾಸಿಗೆ ಬಂದವರ ಮನೆಯವರೂ ಸೇರಿ 70ಕ್ಕೂ ಹೆಚ್ಚು ಜನರಿಗೆ ಸೋಂಕು. ನನಗೆ ಆ ಜಿಮ್ಮಿನವರ ಮೇಲೆ ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು. ಅವರು ಹೇಳಿದ್ದೆಲ್ಲ ಮಾಡಿದ್ದರು. ಹೇಳಿದ್ದರಲ್ಲಿ ಗಾಳಿಯ ಮಾತೇ ಕಡಿಮೆ ಇತ್ತು.

ಹಾಗಂತ ಜಿಮ್ ಅಂದರೆ ಸೋಂಕಿನ ಕೂಪ ಅಂತ ಬರೆಯುವವರನ್ನು ಕಂಡರೂ ನನಗಾಗದು. ನಾರ್ವೆಯ ಓಸ್ಲೋದಲ್ಲಿ 2020ರ ಮೇ-ಜೂನ್‌ನಲ್ಲಿ ಒಂದು ಸರಿಯಾದ ಪ್ರಯೋಗ ಮಾಡಿದರು. ಜಿಮ್ ಸದಸ್ಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಜಿಮ್ ತೆರೆದರು, ಇನ್ನೊಂದಕ್ಕೆ ಇಲ್ಲ. ಒಟ್ಟು 3,764 ಜನ. ಜಿಮ್ಮಿಗೆ ಬಿಟ್ಟ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಸೋಂಕು ಸಿಕ್ಕಿತು. ಅವರೂ ಅಷ್ಟರೊಳಗೆ ಜಿಮ್ಮಿಗೆ ಕಾಲಿಟ್ಟಿರಲಿಲ್ಲ! ಆದರೆ ಆಗ ಆ ಊರಲ್ಲೇ ಸೋಂಕು ತೀರಾ ಕಡಿಮೆ ಇತ್ತು ಅನ್ನುವುದನ್ನೂ ಜೊತೆಗೇ ಹೇಳಬೇಕು. ಒಳಗೆ ಬರುವವರಲ್ಲಿ ಸೋಂಕಿದ್ದವರೇ ಇಲ್ಲದಿದ್ದರೆ ಎಂಥ ಕೋಣೆಯೂ ಸುರಕ್ಷಿತ. ಅಲೆ ಏರುತ್ತಿರುವಾಗ ಅದೇ ಕೋಣೆಯ ಮಾತು ಬೇರೆ. ಹಾಗಾಗಿ "ಜಿಮ್ಮಿಗೆ ಹೋಗಬಹುದಾ" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಊರಿನ ಸ್ಥಿತಿ ಕೇಳುತ್ತೇನೆ, ಆಮೇಲೆ ಕೋಣೆಯದ್ದು, ಕೊನೆಗೆ ಮನೆಯಲ್ಲಿ ಯಾರಿದ್ದಾರೆ ಅಂತ.

ಮನೆಯಲ್ಲೇ ಕೂರಿ ಅನ್ನುವುದೂ ಪುಕ್ಕಟೆ ಸಲಹೆ ಅಲ್ಲ. ಅಮೆರಿಕದಲ್ಲಿ ಕೋವಿಡ್ ಬಂದಿದ್ದ 48,440 ಜನರ ದಾಖಲೆ ನೋಡಿದರು. ಮೊದಲಿನಿಂದ ವ್ಯಾಯಾಮವೇ ಮಾಡದೆ ಇದ್ದವರು ಆಸ್ಪತ್ರೆ ಸೇರುವ ಸಂಭವ, ನಿಯಮಿತವಾಗಿ ಮಾಡುತ್ತಿದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಶುಗರ್ ಇರುವ ನನ್ನಂಥವರಿಗೆ ಇದು ಬರೀ ಅಂಕಿ ಅಲ್ಲ.

ಬಯಲಲ್ಲಿ ಮಾಡಿ ಅನ್ನುವುದು ಸುಲಭ, ಸರಿಯೂ ಹೌದು. ಹೊರಗಿನ ಗಾಳಿಯ ಮುಂದೆ ಯಾವ ಯಂತ್ರವೂ ನಿಲ್ಲದು. ಆದರೆ ಮಳೆ, ಬಿಸಿಲು, ಹೊಗೆ, ರಾತ್ರಿ ಪಾಳಿ, ಎಲ್ಲರ ದಿನವೂ ಒಂದೇ ಥರ ಇರುವುದಿಲ್ಲವಲ್ಲ.

ಈಗ ನನ್ನ ಕ್ಷೇತ್ರದ ಮಾತು. ಗೋಡೆಯ ಮೇಲೆ ಕೂತಿರುವ ಸ್ಪ್ಲಿಟ್ ಎಸಿ ಹೊರಗಿನಿಂದ ಗಾಳಿ ತರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ತರುವುದಿಲ್ಲ. ಹೊರಗಿನ ಯೂನಿಟ್ಟಿಗೂ ಒಳಗಿನದಕ್ಕೂ ನಡುವೆ ಇರುವುದು ಗ್ಯಾಸಿನ ಪೈಪು. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಕೋಣೆಗೇ ಬಿಡುತ್ತದೆ. ಫಿಲ್ಟರ್ ಅಂತ ಒಂದು ಜಾಲರಿ ಇರುತ್ತದೆ, ಅದು ದೂಳು ಹಿಡಿಯುವುದಕ್ಕೆ. ಫ್ಯಾನೂ ಅಷ್ಟೇ, ಇರುವ ಗಾಳಿಯನ್ನು ಕಲಕುತ್ತದೆ. ಅದೇ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟು, ಎದುರಿನ ಕಿಟಕಿ ತೆರೆದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಮೂಲೆಯಲ್ಲಿ ಒಬ್ಬರು ಬಾಡಿ ಸ್ಪ್ರೇ ಹೊಡೆದರೆ ಆ ತುದಿಯ ಬೆಂಚ್ ಪ್ರೆಸ್‌ನಲ್ಲಿ ಮಲಗಿದವರಿಗೆ ವಾಸನೆ ಬರುತ್ತದಾ? ಬಂದು, ಹೋಗದೆ ಅಲ್ಲೇ ಸುಳಿಯುತ್ತದಾ? ಹಾಗಿದ್ದರೆ ನಿಮ್ಮ ಜಿಮ್ಮಿನ ವಾತಾಯನದ ರಿಪೋರ್ಟು ಮೂಗಿಗೇ ಸಿಕ್ಕಿತು.

ಎಷ್ಟು ಗಾಳಿ ಬೇಕು ಅನ್ನುವುದಕ್ಕೆ ಅಳತೆ ಇದೆ. ಎಸಿ ಎಂಜಿನಿಯರುಗಳ ಅಮೆರಿಕದ ಸಂಘ ಆಶ್ರೇ, 2023ರಲ್ಲಿ ಸೋಂಕು ತಡೆಯುವುದಕ್ಕೆಂದೇ ಒಂದು ಮಾನದಂಡ ತಂದಿತು. ಅದರ ನಂಬರ್ 241. ಸೋಂಕು ಹರಡುತ್ತಿರುವ ಕಾಲದಲ್ಲಿ ಆಫೀಸಿಗೆ ತಲೆಗೆ 30 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 30 ಘನ ಅಡಿ ಶುದ್ಧ ಗಾಳಿ. ತರಗತಿಗೆ 40. ಜಿಮ್ಮಿಗೆ 80. ಇದು ಪೂರ್ತಿ ಹೊರಗಿನ ಗಾಳಿಯೇ ಆಗಬೇಕಿಲ್ಲ, ಒಳ್ಳೆ ಫಿಲ್ಟರಿನಿಂದ ಸೋಸಿ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ.

ಚೆಯೊನಾನ್ ಅಳತೆಯ 650 ಚದರ ಅಡಿ ಕೋಣೆಗೆ ಇದನ್ನು ಹಾಕಿ ನೋಡಿ. ಸೀಲಿಂಗ್ 10 ಅಡಿ ಅಂದುಕೊಂಡರೆ ಒಟ್ಟು 6,500 ಘನ ಅಡಿ. 20 ಜನಕ್ಕೆ 1,600 ಸಿಎಫ್‌ಎಂ. ಅಂದರೆ ಗಂಟೆಗೆ ಸುಮಾರು 15 ಸಲ ಇಡೀ ಕೋಣೆಯ ಗಾಳಿ ಬದಲಾಗಬೇಕು. ಅಷ್ಟು ಮಾಡುವುದಕ್ಕೆ ಡಕ್ಟ್, ಬ್ಲೋವರ್ ಎಲ್ಲ ಆ ಲೆಕ್ಕಕ್ಕೇ ಕೂರಿಸಿರಬೇಕು. ಅದೇ ಕೋಣೆಯಲ್ಲಿ 5 ಜನ ಇದ್ದರೆ 400 ಸಿಎಫ್‌ಎಂ ಸಾಕು, ಗಂಟೆಗೆ ನಾಲ್ಕು ಸಲಕ್ಕೂ ಕಡಿಮೆ. ಎರಡು ಕಿಟಕಿ, ಒಂದು ಒಳ್ಳೆ ಎಕ್ಸಾಸ್ಟ್, ಒಂದು ಹೆಪಾ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಫಿಲ್ಟರಿನ) ಏರ್ ಪ್ಯೂರಿಫೈಯರ್ ಇದ್ದರೆ ಮುಟ್ಟಬಹುದು. ಜನ ಕಡಿಮೆ ಮಾಡುವುದರಷ್ಟು ಅಗ್ಗದ ವಾತಾಯನ ಇನ್ನೊಂದಿಲ್ಲ. ಜಿಮ್ ಮಾಲೀಕರಿಗೆ ಈ ಮಾತು ಹಿಡಿಸುವುದಿಲ್ಲ ಅಂತ ಗೊತ್ತು.

ಇದನ್ನು ಬರೆಯಲು ಕಾರಣ ನನ್ನ ಅಕ್ಕನ ಮಗ. ಅವನು ಜಿಮ್ ಶುರು ಮಾಡುತ್ತಿದ್ದಾನೆ. ಮೊನ್ನೆ ಡ್ರಾಯಿಂಗ್ ಕಳಿಸಿ ಫೋನ್ ಮಾಡಿದ.

"ಚಿಕ್ಕಮ್ಮ, ಬೇಸ್‌ಮೆಂಟು. ಎಷ್ಟು ಟನ್ ಎಸಿ ಬೇಕು ಹೇಳಿ."

"ಟನ್ ಆಮೇಲೆ. ಗಾಳಿ ಎಲ್ಲಿಂದ ಬರುತ್ತೋ?"

"ಎಸಿಯಿಂದ."

"ಎಸಿಗೆ ಎಲ್ಲಿಂದ ಬರುತ್ತೆ?"

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ "ಕೋವಿಡ್ ಮುಗೀತಲ್ಲ ಚಿಕ್ಕಮ್ಮ" ಅಂದ. ವಿಶ್ವ ಆರೋಗ್ಯ ಸಂಸ್ಥೆ ತುರ್ತು ಸ್ಥಿತಿ ಮುಗಿಯಿತು ಅಂತ ಹೇಳಿದ್ದು 2023ರ ಮೇ 5ರಂದು, ನಿಜ. ವೈರಸ್ ಹೋಗಿಲ್ಲ, ಫ್ಲೂ ಎಂದೂ ಹೋಗಿರಲಿಲ್ಲ, ಮುಂದಿನದು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಕಟ್ಟಡದ ಡಕ್ಟ್ ಮಾತ್ರ ಈಗ ಹಾಕದಿದ್ದರೆ ಆಮೇಲೆ ಗೋಡೆ ಒಡೆದು ಹಾಕಬೇಕು. ಅವನಿಗೆ ಅರ್ಥವಾದದ್ದು ಕೊನೆಯ ವಾಕ್ಯ.

ಮೀಟರಿನ ವಿಷಯ ಹೇಳಲೇಬೇಕು. ನನ್ನ ಜಿಮ್ ಬ್ಯಾಗಿನಲ್ಲಿ ಕಾರ್ಬನ್ ಡೈ ಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಇರುತ್ತದೆ. ಕೊಳ್ಳುವುದಾದರೆ ಎನ್‌ಡಿಐಆರ್ ಸೆನ್ಸರ್, ಅಂದರೆ ಅತಿಗೆಂಪು ಬೆಳಕಿನಿಂದ ಈ ಅನಿಲವನ್ನೇ ಅಳೆಯುವ ಸೆನ್ಸರ್ ಇರುವುದನ್ನೇ ಕೊಳ್ಳಿ. ಅಗ್ಗದ ಕೆಲವು ಬೇರೆ ಏನನ್ನೋ ಅಳೆದು ಅಂದಾಜು ನಂಬರ್ ತೋರಿಸುತ್ತವೆ. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಹಾಗಾಗಿ ಒಳಗೆ 820 ಇದ್ದರೆ, ಎಳೆಯುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲು ಆಗಲೇ ಇನ್ನೊಬ್ಬರ ಎದೆಯೊಳಗೆ ಹೋಗಿ ಬಂದದ್ದು. 2,400 ಇದ್ದರೆ ನೂರಕ್ಕೆ ಐದು. ಇದನ್ನು ಹೇಳಿದಾಗ ಜನ ಮುಖ ಸಿಂಡರಿಸುತ್ತಾರೆ. ಆರಡಿ ಅಂತರದ ಬೋರ್ಡಿಗಿಂತ ಈ ಮಾತು ಚೆನ್ನಾಗಿ ನಾಟುತ್ತದೆ ಅನ್ನುವುದು ನನ್ನ ಅನುಭವ.

ಸಂಜೆ ಡ್ಯಾನ್ಸ್ ಕ್ಲಾಸ್ ನಡೆಯುವ ಹೊತ್ತಿಗೆ ನಮ್ಮ ಜಿಮ್ಮಿನ ಸ್ಟುಡಿಯೋದಲ್ಲಿ ಮೀಟರ್ 2,000 ದಾಟುತ್ತಿತ್ತು. ಬಾಗಿಲು ತೆರೆದಿಟ್ಟರೆ ಮ್ಯೂಸಿಕ್ ಮೇಲಿನ ಮನೆಯವರಿಗೆ ಕೇಳುತ್ತದೆ, ದೂರು ಬರುತ್ತದೆ ಅಂತ ಮುಚ್ಚುತ್ತಿದ್ದರು. ಅದೂ ಸುಳ್ಳಲ್ಲ. ಬೆಳಗ್ಗೆ ಮೊದಲ ಹೊತ್ತಿಗೆ ಹೋದರೆ 500ರ ಆಸುಪಾಸು. ರಾತ್ರಿಯಿಡೀ ಯಾರೂ ಇರುವುದಿಲ್ಲ, ಸಂದಿಗೊಂದಿಗಳಿಂದಲೇ ಗಾಳಿ ಬದಲಾಗಿರುತ್ತದೆ. ಗಂಟೆಗೆ ಒಂದೇ ಸಲ ಬದಲಾದರೂ ಮೂರು ಗಂಟೆಯಲ್ಲಿ ಹಳೆಯದು ನೂರಕ್ಕೆ ಐದರಷ್ಟು ಮಾತ್ರ ಉಳಿಯುತ್ತದೆ. ಅಲೆ ಜೋರಿದ್ದಾಗಲೂ ನಾನು ಜಿಮ್ಮಿಗೆ ಹೋದದ್ದು ಆ ಹೊತ್ತಿಗೆ ಮಾತ್ರ. ಜನ ತುಂಬಿದ ಕ್ಲಾಸ್ ಮುಗಿದ ತಕ್ಷಣ ಅದೇ ಕೋಣೆಗೆ ನುಗ್ಗುವುದು ಮಾತ್ರ ಬೇಡ. ಜನ ಹೋಗಿರುತ್ತಾರೆ, ಅವರ ಗಾಳಿ ಅಲ್ಲೇ ಇರುತ್ತದೆ.

ಮೀಟರನ್ನು ದೇವರು ಮಾಡಿಕೊಳ್ಳಬೇಡಿ. ಹೆಪಾ ಫಿಲ್ಟರ್ ವೈರಸ್ ಕಣಗಳನ್ನು ಹಿಡಿಯುತ್ತದೆ, ಅನಿಲವನ್ನು ಬಿಟ್ಟುಬಿಡುತ್ತದೆ. ಆಗ ನಂಬರ್ ಜಾಸ್ತಿ ಕಂಡರೂ ಅಪಾಯ ಕಡಿಮೆ ಇರಬಹುದು. ಇನ್ನೊಂದು ಕಡೆ, ಇಬ್ಬರೇ ಇರುವ ಕೋಣೆಯಲ್ಲಿ ನಂಬರ್ ಚೆನ್ನಾಗಿದ್ದು, ಆ ಇನ್ನೊಬ್ಬರಿಗೇ ಸೋಂಕಿದ್ದು, ಅವರು ಮೂರಡಿ ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು ಕೂಗುತ್ತಿದ್ದರೆ ಮೀಟರ್ ಏನು ಮಾಡೀತು? ಹತ್ತಿರದ ಅಪಾಯ ಹತ್ತಿರದ್ದೇ. ಅದಕ್ಕೆ ಅಂತರವೂ ಬೇಕು, ಅದನ್ನು ನಾನು ಗೇಲಿ ಮಾಡುತ್ತಿಲ್ಲ.

ಶಟಲ್ ಕೋರ್ಟ್ ಬೇರೆಯದೇ ಪ್ರಾಣಿ. ಶಟಲ್ ಗಾಳಿಗೆ ಓಲುತ್ತದೆ ಅಂತ ಕಿಟಕಿ ಮುಚ್ಚುತ್ತಾರೆ, ಫ್ಯಾನ್ ಆರಿಸುತ್ತಾರೆ. ಕೇಳಿದರೆ ಇದಕ್ಕಿಂತ ಕೆಟ್ಟದು ಇಲ್ಲ ಅನ್ನಿಸುತ್ತದೆ. ಆದರೆ ಸೀಲಿಂಗ್ ಎತ್ತರ ಮೂವತ್ತು ಅಡಿಗೂ ಮೇಲೆ. ಒಂದು ಕೋರ್ಟಿಗೆ ನಾಲ್ಕೇ ಜನ. ತಲೆಗೆ ಸಿಗುವ ಗಾಳಿಯ ಗಾತ್ರ ಸ್ಟುಡಿಯೋಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಕಣಗಳು ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ. ಹೊತ್ತು ಸಿಗುತ್ತದೆ ಅಷ್ಟೇ, ಗಾಳಿ ತಾನಾಗಿ ಶುದ್ಧವಾಗುವುದಿಲ್ಲ. ನಾವು ಆಟದ ನಡುವೆ ಎಲ್ಲ ಬಾಗಿಲು ತೆರೆದು ಹತ್ತು ನಿಮಿಷ ಹೊರಗೆ ನಿಲ್ಲುವುದು ಅಂತ ಮಾಡಿಕೊಂಡೆವು. ನಮ್ಮ ಗುಂಪಿನ ಹಿರಿಯರೊಬ್ಬರು "ಆಟ ಕೆಡುತ್ತೆ" ಅಂತ ಗೊಣಗಿದರು. ಆಟ ಕೆಟ್ಟಿದ್ದು ಅದರಿಂದಲ್ಲ ಅಂತ ಅವರ ಪಾರ್ಟ್‌ನರ್ ಆದ ನನಗೆ ಗೊತ್ತು. ನಿಜವಾದ ತೊಂದರೆ ಬೆಂಚಿನಲ್ಲಿತ್ತು. ಸರದಿಗೆ ಕಾಯುವವರು ಒತ್ತೊತ್ತಾಗಿ ಕೂತು, ಮಾಸ್ಕ್ ಇಳಿಸಿ, ನಗುತ್ತಾ ಹರಟುತ್ತಿದ್ದರು. ಬೆಂಚನ್ನು ಎತ್ತಿ ಹೊರಗೆ ಹಾಕಿಸಿದೆವು.

ಮಾಸ್ಕ್ ಬಗ್ಗೆ ಆಗ ಮೇಲಿನವರೇ ಗೊಂದಲ ಮಾಡಿದ್ದರು. ವ್ಯಾಯಾಮ ಮಾಡುವಾಗ ಮಾಸ್ಕ್ ಬೇಡ, ಬೆವರಿಗೆ ಒದ್ದೆಯಾಗಿ ಉಸಿರಾಟ ಕಷ್ಟವಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತ್ತು. ಒದ್ದೆಯಾಗುವುದು ನಿಜ. ಆದರೆ ಷಿಕಾಗೋದ ಒಂದು ಜಿಮ್ಮಿನಲ್ಲಿ ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಜೋರಿನ ಕ್ಲಾಸುಗಳಿಗೆ ಬಂದ 81 ಜನರಲ್ಲಿ 55 ಜನರಿಗೆ ಸೋಂಕು ಬಂತು. ಬಂದವರಲ್ಲಿ ಬಹುಪಾಲು ಜನ ವ್ಯಾಯಾಮದ ಹೊತ್ತು ಮಾಸ್ಕ್ ಹಾಕುತ್ತಲೇ ಇರಲಿಲ್ಲ. ನಾನು ತೂಕ ಎತ್ತುವಾಗ ಎನ್95 ಹಾಕಿಕೊಂಡೇ ಎತ್ತಿದೆ. ಬ್ಯಾಗಿನಲ್ಲಿ ಇನ್ನೊಂದು ಇಟ್ಟುಕೊಂಡು, ಒದ್ದೆಯಾದ ಕೂಡಲೇ ಹೊರಗೆ ಹೋಗಿ ಬದಲಿಸುತ್ತಿದ್ದೆ. ಸೆಕೆ ಆಗುತ್ತದೆ, ಕಿರಿಕಿರಿ ಆಗುತ್ತದೆ, ಸೆಟ್ಟುಗಳ ನಡುವೆ ಹೆಚ್ಚು ಹೊತ್ತು ಬಿಡುವು ಬೇಕಾಗುತ್ತದೆ. ಓಡುವುದಕ್ಕೆ ಮಾತ್ರ ಮಾಸ್ಕ್ ಹಾಕಲಾಗಲಿಲ್ಲ, ಅದನ್ನು ಹೊರಗೆ ರಸ್ತೆಯಲ್ಲೇ ಮಾಡಿದೆ. ಎದೆನೋವು, ಅಸ್ತಮಾ ಇರುವವರು ನನ್ನನ್ನು ನೋಡಿ ಮಾಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಷಿಕಾಗೋ ವರದಿಯಲ್ಲಿ ಇನ್ನೊಂದು ವಿಷಯ ಇತ್ತು. 22 ಜನ ಲಕ್ಷಣ ಶುರುವಾದ ದಿನ ಅಥವಾ ಆಮೇಲೂ ಕ್ಲಾಸಿಗೆ ಬಂದಿದ್ದರು. ಬೈಯುವುದು ಸುಲಭ. ಆದರೆ ನಮ್ಮ ಜಿಮ್ಮಿನಲ್ಲೇ ಒಂದು ದಿನ ತಪ್ಪಿದರೂ ದುಡ್ಡು ವಾಪಸಿಲ್ಲ, ಸದಸ್ಯತ್ವ ಮುಂದೂಡುವುದಿಲ್ಲ ಅನ್ನುವ ನಿಯಮ. ಗಂಟಲು ಕೆರೆಯುತ್ತಿದ್ದರೂ ಜನ ಬರುತ್ತಿದ್ದರು, ಕೊಟ್ಟ ದುಡ್ಡು ವಸೂಲಾಗಬೇಕಲ್ಲ. ಕೆಮ್ಮು ಬಂದರೆ ಒಂದು ಮೆಸೇಜ್ ಹಾಕಿ, ಆ ದಿನಗಳನ್ನು ಕೊನೆಗೆ ಸೇರಿಸಿ ಕೊಡುತ್ತೇವೆ ಅನ್ನುವ ಒಂದು ಸಾಲು ಥರ್ಮಾಮೀಟರ್ ಗನ್ನಿಗಿಂತ ಹೆಚ್ಚು ಜನರನ್ನು ಮನೆಯಲ್ಲಿ ಇರಿಸುತ್ತದೆ ಅಂತ ನಾನು ಮ್ಯಾನೇಜರ್ ಹತ್ತಿರ ವಾದ ಮಾಡಿದೆ. ಅವರು ನಕ್ಕು ಟೀ ತರಿಸಿದರು. ನಿಯಮ ಹಾಗೇ ಉಳಿಯಿತು.

ಒರೆಸುವುದರ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮುಟ್ಟಿದ ಜಾಗದಿಂದ ಕೋವಿಡ್ ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಬೆಂಚ್ ಒರೆಸಿ, ಇನ್ನೊಬ್ಬರ ಬೆವರಿನ ಮೇಲೆ ಮಲಗುವುದು ಯಾರಿಗೆ ಬೇಕು? ಅದು ಮರ್ಯಾದೆ. ಅದನ್ನೇ ರಕ್ಷಣೆ ಅಂದುಕೊಂಡು ಕಿಟಕಿ ಮುಚ್ಚಬೇಡಿ.

ಅಕ್ಕನ ಮಗನಿಗೆ ಕೊನೆಗೆ ಏನು ಹೇಳಿದೆ ಅಂದರೆ: ಡ್ಯಾನ್ಸ್ ಸ್ಟುಡಿಯೋವನ್ನು ಬೇಸ್‌ಮೆಂಟಿನಲ್ಲಿ ಇಡಬೇಡ. ಕಿಟಕಿ ಇರುವ ಮೇಲಿನ ಕೋಣೆಗೆ ಒಯ್ಯಿ, ತೂಕದ ಸಾಮಾನನ್ನು ಕೆಳಗೆ ತಾ. ಏದುಸಿರು ಎಲ್ಲಿ ಜಾಸ್ತಿಯೋ ಅಲ್ಲಿಗೆ ಗಾಳಿ ಜಾಸ್ತಿ. ಕೆಳಗೆ ಒಂದು ಕಡೆಯಿಂದ ಹೊರಗಿನ ಗಾಳಿ ತಳ್ಳುವ ಡಕ್ಟ್, ಎದುರು ಗೋಡೆಯಲ್ಲಿ ಎಕ್ಸಾಸ್ಟ್. ಎರಡೂ ಒಂದೇ ಗೋಡೆಗೆ ಹಾಕಿದರೆ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತೆ. ಟ್ರೈನರ್‌ಗೆ ಕಾಲರ್ ಮೈಕ್ ಕೊಡಿಸು. ಗಂಟಲು ಹರಿಯುವ ಹಾಗೆ ಕೂಗಿದಷ್ಟೂ ಕಣ ಜಾಸ್ತಿ, ಚೆಯೊನಾನ್‌ನಲ್ಲೂ ಹೊನೊಲುಲುವಿನಲ್ಲೂ ಶುರುವಾದದ್ದು ಹೇಳಿಕೊಡುವವರಿಂದಲೇ. ಎರಡು ಕ್ಲಾಸುಗಳ ನಡುವೆ ಇಪ್ಪತ್ತು ನಿಮಿಷ ಖಾಲಿ ಬಿಡು, ಎಕ್ಸಾಸ್ಟ್ ಓಡುತ್ತಿರಲಿ.

ಮೈಕ್‌ಗೆ ಒಪ್ಪಿದ. ಸ್ಟುಡಿಯೋ ಮೇಲೆ ಹೋಯಿತು. ಖಾಲಿ ಇಪ್ಪತ್ತು ನಿಮಿಷವನ್ನು ಹತ್ತಕ್ಕೆ ಇಳಿಸಿ ಚೌಕಾಸಿ ಮಾಡಿದ್ದಾನೆ, ಅದಿನ್ನೂ ತೀರ್ಮಾನವಾಗಿಲ್ಲ. ಎಕ್ಸಾಸ್ಟ್ ಸದ್ದು ಮಾಡುತ್ತೆ ಅಂದ. ಗೋಡೆಗೆ ಹೊಡೆಯುವ ಫ್ಯಾನ್ ಬೇಡ, ಡಕ್ಟಿನೊಳಗೆ ಕೂರುವ ಇನ್‌ಲೈನ್ ಫ್ಯಾನ್ ತಗೋ, ಸೈಲೆನ್ಸರ್ ಹಾಕಿಸೋಣ ಅಂದೆ. ಮೀಟರನ್ನು ರಿಸೆಪ್ಷನ್‌ನಲ್ಲಿ ತೂಗುಹಾಕುತ್ತೇನೆ, ನೋಡೋಕೆ ಚೆನ್ನಾಗಿರುತ್ತೆ ಅಂತಿದ್ದಾನೆ. ರಿಸೆಪ್ಷನ್ ಬಾಗಿಲು ಇಡೀ ದಿನ ತೆರೆದಿರುತ್ತೆ, ಅಲ್ಲಿ ಅದು ಯಾವಾಗಲೂ 500 ತೋರಿಸುತ್ತೆ ಕಣೋ. ಸ್ಟುಡಿಯೋದ ಒಳಗೆ ಹಾಕು, ಕಿಟಕಿಯಿಂದ ದೂರ, ನಿಂತವರ ಮುಖದ ಎತ್ತರಕ್ಕೆ, ಕ್ಲಾಸಿಗೆ ಬಂದವರಿಗೆಲ್ಲ ಕಾಣುವ ಹಾಗೆ.